ಇಂಗಿನ ಗಾಳ, ಜಡೆಯ ಮೀನು

ಡೆಟ್ರಾಯಿಟ್ ವಿಮಾನ ನಿಲ್ದಾಣ

ಅಮೆರಿಕದ ನೆಲದಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆಯೆಂದರೆ, ಸುಂಕದ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದು ಎರಡು ಹೆಜ್ಜೆ ಹಿಂದೆ ಸರಿದದ್ದು. ದಾರಿಯಲ್ಲಿ ಇಂಗಿನ ಡಬ್ಬಿಯ ಬಿರಡೆ ಸಡಿಲವಾಗಿ, ನನ್ನ ಸೀರೆಗಳೆಲ್ಲ ಒಗ್ಗರಣೆ ಹಾಕಿಸಿಕೊಂಡು ಕೂತಿದ್ದವು. ಆತ ಡಬ್ಬಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಇದೇನು ಎಂದು ಕೇಳಿದ. ನಾನು ಮೈಸೂರಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಚರಿತ್ರೆ ಪಾಠ ಮಾಡುವವಳು. ಪ್ರಶ್ನೆ ಕೇಳಿದರೆ ಪೂರ್ತಿ ಉತ್ತರ ಕೊಟ್ಟೇ ಅಭ್ಯಾಸ. ಇದೊಂದು ಗಿಡದ ಬೇರಿನ ಅಂಟು, ಪರ್ಷಿಯಾ ಕಡೆಯಿಂದ ಬರುತ್ತದೆ, ಸಾರಿಗೆ ಹಾಕುತ್ತೇವೆ, ಹೊಟ್ಟೆಯುಬ್ಬರಕ್ಕೂ ಒಳ್ಳೆಯದು ಎಂದು ಶುರು ಮಾಡಿದೆ. ಅರ್ಧ ಕೇಳುವಷ್ಟರಲ್ಲಿ ಆತ ಡಬ್ಬಿಯನ್ನು ಒಳಗಿಟ್ಟು, ಪೆಟ್ಟಿಗೆಯ ಮೇಲೆ ಸೀಮೆಸುಣ್ಣದ ಗುರುತು ಎಳೆದು, ಹೋಗು ತಾಯಿ ಎಂಬಂತೆ ಕೈಬೀಸಿದ.

ಹೊರಗೆ ನನ್ನ ತಂಗಿ ವಿಮಲ ಕಾಯುತ್ತಿದ್ದಳು. ನನ್ನನ್ನು ತಬ್ಬಿಕೊಂಡವಳು ಮೂಗೆಳೆದು, "ಅಕ್ಕ, ನೀನು ಬಂದಿದ್ದು ವಾಸನೇಲೇ ಗೊತ್ತಾಯ್ತು," ಎಂದಳು. ಅವಳ ಗಂಡ ಮೂರ್ತಿ ಮೋಟಾರು ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಮಾತು ಕಡಿಮೆಯ ಮನುಷ್ಯ. ಆದರೆ ಇಂಗು ಎಂದ ಕೂಡಲೇ ಆತನ ಮುಖ ಅರಳಿತು.

"ಗಟ್ಟಿ ಇಂಗಾ ಅಕ್ಕ, ಪುಡಿ ಇಂಗಾ?"

"ಗಟ್ಟಿ."

"ಒಳ್ಳೇದಾಯ್ತು. ಇಲ್ಲಿ ಸಿಗೋದ್ರಲ್ಲಿ ಏನೂ ಸ್ಟ್ರಾಂಗ್ ಇರಲ್ಲ."

ಸಾರಿನ ರುಚಿ ಬಲ್ಲ ಅಳಿಯ ನಮ್ಮ ಮನೆಗೆ ಸಿಕ್ಕಿದನಲ್ಲ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಎಂಥ ಮೋಸ ಹೋದೆ ಎಂಬುದು ಆಮೇಲೆ ತಿಳಿಯಿತು.

ಅವರ ಹಿಂದೆ ನಿಂತಿದ್ದವಳು ಅವರ ಮಗಳು ಅನು. ನಾಲ್ಕನೆಯ ತರಗತಿ, ಎರಡು ಜಡೆ, ಮುಂದಿನ ಒಂದು ಹಲ್ಲಿಲ್ಲ. ದೊಡ್ಡಮ್ಮನನ್ನು ಕಂಡ ಮಗು ಓಡಿ ಬರಬೇಕು ಅಥವಾ ನಾಚಿ ಅಡಗಬೇಕು. ಇವಳು ಎರಡೂ ಮಾಡದೆ, ಕಟಕಟೆಯಲ್ಲಿ ನಿಂತವರು ನ್ಯಾಯಾಧೀಶರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಳು.

ಟ್ರಾಯ್

ಟ್ರಾಯ್ ಎಂದರೆ ಗ್ರೀಕರು ಸುಟ್ಟ ಊರೆಂದು ಪಾಠ ಮಾಡಿದವಳು ನಾನು. ತಂಗಿಯಿರುವ ಈ ಟ್ರಾಯ್‌ನಲ್ಲಿ ಸುಡುವುದು ಶನಿವಾರ ಸಂಜೆ ಹಿತ್ತಿಲ ಒಲೆಯ ಮೇಲೆ ಮಾಂಸವನ್ನು ಮಾತ್ರ. ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು, ಮುಂದೆ ಹುಲ್ಲು, ಆ ಹುಲ್ಲಿನ ಮೇಲೆ ಒಂದು ಆಡಿಲ್ಲ, ಹಸುವಿಲ್ಲ. ಬೆಳೆಸಿ ಕತ್ತರಿಸಿ ಎಸೆಯುತ್ತಾರೆ. ಮೊದಲ ದಿನ ಬೆಳಿಗ್ಗೆ ನಾನು ಸುಮ್ಮನೆ ನಡೆದು ಬರೋಣವೆಂದು ಹೊರಟರೆ, ಒಬ್ಬಾಕೆ ಕಾರು ನಿಲ್ಲಿಸಿ, ನಿನ್ನ ಕಾರು ಎಲ್ಲಿ ಕೆಟ್ಟಿತು, ಯಾರಿಗಾದರೂ ಫೋನ್ ಮಾಡಲೇ ಎಂದು ಕೇಳಿದಳು. ನಡೆಯುತ್ತಿದ್ದೇನೆ ಎಂದೆ. ಆಕೆಗೆ ನನ್ನ ಮೇಲೆ ಇನ್ನೂ ಕನಿಕರ ಬಂತು.

ಭಾನುವಾರ ಎದ್ದು ಅಡುಗೆಮನೆಗೆ ಹೋದರೆ ಮೂರ್ತಿ ಅಂಗಿಯ ತೋಳು ಮಡಚಿಕೊಂಡು ಚಪಾತಿ ಹಿಟ್ಟು ಕಲಸುತ್ತಿದ್ದಾನೆ. ಪಕ್ಕದಲ್ಲಿ ನನ್ನ ಇಂಗು, ಧಾರಾಳವಾಗಿ ಕುಟ್ಟಿದ್ದು.

"ಚಪಾತಿಗೆ ಯಾರಾದ್ರೂ ಇಂಗು ಹಾಕ್ತಾರಾ ಮೂರ್ತಿ?"

"ಚಪಾತಿಗಲ್ಲ ಅಕ್ಕ," ಎಂದ ಆತ, ತಲೆಯೆತ್ತದೆ. "ಮೀನಿಗೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. ವಿಷಯವಿಷ್ಟು. ಆಫೀಸಿನವರೆಲ್ಲ ರಜೆಯ ದಿನ ಕೆರೆಗೆ ಗಾಳ ಹಾಕಲು ಹೋಗುತ್ತಾರೆ. ಹೋಗದವನು ಅವರ ಮಾತಿಗೇ ಸೇರುವುದಿಲ್ಲ. ಮೂರ್ತಿಯೂ ಹೋದ. ಎರೆಹುಳು ಮುಟ್ಟಲು ಕೈ ಬರಲಿಲ್ಲ. ಬುತ್ತಿಯ ಚಪಾತಿಯನ್ನೇ ಉಂಡೆ ಮಾಡಿ ಸಿಕ್ಕಿಸಿದ. ಆ ಚಪಾತಿಗೆ ಉಪ್ಪಿನಕಾಯಿಯ ಇಂಗು ಹತ್ತಿತ್ತು. ಪಕ್ಕದವರ ಹುಳುಗಳನ್ನೆಲ್ಲ ಬಿಟ್ಟು ಮೀನುಗಳು ಇವನ ಗಾಳಕ್ಕೇ ಮುಗಿಬಿದ್ದವಂತೆ. ಅಂದಿನಿಂದ ಆಫೀಸಿನಲ್ಲಿ ಇವನಿಗೆ ಬೇರೆಯೇ ಗೌರವ. ಹಿಟ್ಟಿನ ಗುಟ್ಟು ಕೇಳಿದರೆ ನಗುತ್ತಾನೆಯೇ ಹೊರತು ಹೇಳುವುದಿಲ್ಲ.

"ಹಿಡಿದ ಮೀನು ಏನು ಮಾಡ್ತೀಯ?"

"ವಾಪಸ್ ಬಿಡ್ತೀನಿ. ನಾವೇನು ತಿಂತೀವಾ?"

ಕರೆದು ಎಲೆ ಹಾಕಿ, ಬಾಯಿಗಿಡುವಾಗ ರಟ್ಟೆ ಹಿಡಿದು ಎಬ್ಬಿಸಿ ಕಳಿಸುವ ಈ ಆತಿಥ್ಯ ನನಗೆ ಅರ್ಥವಾಗಲಿಲ್ಲ. ಮೈಸೂರಿನಿಂದ ಹೊತ್ತು ತಂದ ಇಂಗು ಮಿಚಿಗನ್ ಮೀನಿನ ಪಾಲಾಯಿತಲ್ಲ ಎಂಬ ಸಿಟ್ಟು ಬೇರೆ. "ಇನ್ನು ಮೇಲೆ ಡಬ್ಬಿ ನನ್ನ ಕೋಣೇಲಿರುತ್ತೆ," ಎಂದು ಎತ್ತಿಕೊಂಡು ಹೋದೆ.

ಕೋಣೆಯಲ್ಲಿ ಅನು ನನ್ನ ಹಾಸಿಗೆಯ ಮೇಲೆ ಕಾದು ಕೂತಿದ್ದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳಿಗೆ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ದೊಡ್ಡಮ್ಮ, ಆರ್ ಯು ಗೋಯಿಂಗ್ ಟು ಸೇ ನೋ?" ಎಂದಳು.

ಯಾವುದಕ್ಕೆ ಎಂದು ನಾನು ಕೇಳಬೇಕಾಗಲಿಲ್ಲ. ಗಾಳದ ಮಾತೊಂದು ಬಿಟ್ಟು ಉಳಿದದ್ದನ್ನೆಲ್ಲ ವಿಮಲ ಕಾಗದದಲ್ಲಿ ಬರೆದಿದ್ದಳು. ಅಪ್ಪನ ಜೊತೆ ದೋಣಿಯಲ್ಲಿ ಹೋಗಬೇಕೆಂದು ಅವಳು ವರ್ಷದಿಂದ ಅಳುತ್ತಿದ್ದಾಳೆ. ಶಾಲೆಯಲ್ಲಿ ಎಲ್ಲ ಮಕ್ಕಳೂ ಈಜು ಕಲಿಯುವಾಗ ಇವಳೊಬ್ಬಳು ಬೆಂಚಿನ ಮೇಲೆ ಕೂತು ಟವಲುಗಳನ್ನು ಕಾಯುತ್ತಾಳೆ. ಕೇಳಿದಾಗಲೆಲ್ಲ ವಿಮಲ ಒಂದೇ ಉತ್ತರ ಕೊಟ್ಟಿದ್ದಾಳೆ: "ದೊಡ್ಡಮ್ಮ ಬರಲಿ, ಅವರು ಹೂಂ ಅಂದ್ರೆ ನೋಡೋಣ." ಅಂದರೆ ‘ಬೇಡ’ ಎನ್ನಲಿಕ್ಕೇ ನಾನು ಬಂದಿರುವುದು.

ನಮ್ಮೂರು ಶ್ರೀರಂಗಪಟ್ಟಣ. ಹೊಳೆಯೇ ನಮಗೆ ಅಂಗಳ. ನನಗೂ ವಿಮಲಳಿಗೂ ನಡುವೆ ಹುಟ್ಟಿದವನು ಶೀನು. ಓರಗೆಯ ಹುಡುಗರಲ್ಲಿ ಅವನಷ್ಟು ಚೆನ್ನಾಗಿ ಈಜುವವರಿರಲಿಲ್ಲ. ಒಂದು ಆಷಾಢದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾಗ, ಪುಟ್ಟ ವಿಮಲಳನ್ನು ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂರಿಸಿ ನೀರಿಗೆ ಧುಮುಕಿದವನು ಮೇಲೆ ಬರಲಿಲ್ಲ. ನಾನಾಗ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಆ ವರ್ಷವೇ ಅಮ್ಮ ಊರು ಬಿಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಮೊಣಕಾಲಿಗಿಂತ ಮೇಲೆ ನೀರಿಗಿಳಿದಿಲ್ಲ, ದೋಣಿ ಹತ್ತಿಲ್ಲ, ಶೀನುವಿನ ಹೆಸರನ್ನೂ ಎತ್ತಿಲ್ಲ. ಅಮ್ಮ ತೀರಿಕೊಂಡ ಮೇಲೆ ಆ ಕಟ್ಟಳೆ ನನ್ನ ಕೈಗೆ ಬಂದಿದೆ. ಅದನ್ನು ಕೇಳಿ ಪಡೆದವಳಲ್ಲ ನಾನು.

"ನಾನು ಊರಿಗೆ ಹೊರಡೋದ್ರೊಳಗೆ ಹೇಳ್ತೀನಿ," ಎಂದೆ. ಮಗು ತಲೆಯಾಡಿಸಿ ಹೋಯಿತು.

ಹೆದ್ದಾರಿ

ಶಿಕಾಗೋಗೆ ಹೋಗಬೇಕೆಂದು ಹಟ ಹಿಡಿದವಳು ನಾನೇ. ಅಲ್ಲಿನ ದೊಡ್ಡ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಗೋರಿಗಳ ಸಾಮಾನುಗಳಿವೆ, ಬೇಟೆಯ ಚಿತ್ರಗಳಿವೆ ಎಂದು ಓದಿದ್ದೆ. ನಮ್ಮ ಪಠ್ಯಪುಸ್ತಕದಲ್ಲೂ ಜೌಗಿನಲ್ಲಿ ಹಕ್ಕಿ ಹೊಡೆಯುವ ಈಜಿಪ್ಟಿನ ಸಾಹುಕಾರನ ಒಂದು ಚಿತ್ರವಿದೆ. ಮಸಿ ಹರಡಿ, ಅದು ಬೇಟೆಯೋ ಲಾಠಿ ಚಾರ್ಜೋ ಗೊತ್ತಾಗುವುದಿಲ್ಲ. ಒಮ್ಮೆಯಾದರೂ ಸರಿಯಾಗಿ ನೋಡಬೇಕೆಂಬ ಆಸೆ.

ಇನ್ನೂರ ಎಂಬತ್ತು ಮೈಲಿ ದಾರಿ. ಪೆಟ್ರೋಲಿನ ಬರ ಬಂದ ಮೇಲೆ ಸರ್ಕಾರ ಐವತ್ತೈದು ಮೈಲಿಯ ವೇಗ ಮೀರಬಾರದೆಂದು ಅಪ್ಪಣೆ ಮಾಡಿದೆ. ಮೂರ್ತಿ ಐವತ್ತನಾಲ್ಕರಲ್ಲಿ ಹೋಗುತ್ತಾನೆ. ಹಿಂದಿನ ಟ್ರಕ್ಕಿನವರ ಶಾಪವೆಲ್ಲ ನಮ್ಮ ಬೆನ್ನಿಗೆ. ನಡುವೆ ಒಂದು ತಂಗುದಾಣದಲ್ಲಿ ಪುಳಿಯೋಗರೆ ಬಿಚ್ಚಿದೆವು. ಪಕ್ಕದ ಮೇಜಿನ ಮುದುಕ ದಂಪತಿಗಳು ನಾವು ಕೈಯಲ್ಲಿ ತಿನ್ನುವುದನ್ನು ನೋಡಿ, ಕನಿಕರದಿಂದ ಪ್ಲಾಸ್ಟಿಕ್ ಚಮಚಗಳನ್ನು ತಂದುಕೊಟ್ಟರು. ಬೇಡವೆನ್ನಲಾಗದೆ ನಾವೆಲ್ಲ ಚಮಚದಲ್ಲಿ ಪುಳಿಯೋಗರೆ ತಿಂದೆವು. ಅವರು ಹೋದ ಮೇಲೆ ಮತ್ತೆ ಕೈ ಹಾಕಿದೆವು.

ಮುಂದೆ ಒಂದು ಕಡೆ ರಸ್ತೆಯ ಪಕ್ಕಕ್ಕೆ ಮಿಚಿಗನ್ ಸರೋವರ ಕಂಡಿತು. ಸರೋವರವೆಂದರೆ ನಾನು ಕುಕ್ಕರಹಳ್ಳಿ ಕೆರೆಯನ್ನು ಸ್ವಲ್ಪ ಎಳೆದು ಊಹಿಸಿಕೊಂಡಿದ್ದೆ. ಇದಕ್ಕೆ ಆಚೆಯ ದಡವೇ ಇರಲಿಲ್ಲ. ಅನು ಕಿಟಕಿಗೆ ಮೂಗೊತ್ತಿ ಕೂತಳು. ವಿಮಲ ತಿರುಗಿ ಇನ್ನೊಂದು ಬದಿಯ ಕಾರ್ಖಾನೆಗಳ ಹೊಗೆಗೊಳವೆಗಳನ್ನು ನೋಡತೊಡಗಿದಳು. ಅವಳ ಕೈ ಮಾತ್ರ ಅನುವಿನ ಫ್ರಾಕಿನ ತುದಿಯನ್ನು ಹಿಡಿದಿತ್ತು, ಕಾರಿನೊಳಗೆ ಕೂತ ಮಗುವನ್ನೂ ನೀರು ಎಳೆದುಕೊಳ್ಳುತ್ತದೆಂಬಂತೆ.

ಶಿಕಾಗೋ

ಸಂಗ್ರಹಾಲಯದ ಒಳಗೆ ತಂಪು, ಕತ್ತಲು, ಮಕ್ಕಳ ಗದ್ದಲ. ಎಲ್ಲರೂ ಮಮ್ಮಿಗಳ ಕಡೆ ಓಡುತ್ತಿದ್ದರು. ನಾನು ನನ್ನ ಪರಿವಾರವನ್ನು ನೇರವಾಗಿ ಬೇಟೆಯ ಕೋಣೆಗೆ ಕರೆದೊಯ್ದೆ. ಅಲ್ಲಿ ಗೋಡೆಯ ಉದ್ದಕ್ಕೂ ಒಂದು ಗೋರಿಯ ಚಿತ್ರದ ನಕಲು, ಮೂಲದ ಅಳತೆಯಲ್ಲೇ ಬರೆದದ್ದು. ಬಣ್ಣಗಳನ್ನು ನೋಡಲು ನಾನು ಮೂಗು ತಾಗುವಷ್ಟು ಹತ್ತಿರ ಹೋದೆ. ಇಷ್ಟು ವರ್ಷ ಆ ಮಸಿಯ ಹಿಂದೆ ಈ ಹಸಿರೆಲ್ಲ ಇತ್ತಲ್ಲ ಎಂದು ಸಂಕಟವಾಯಿತು.

ಚಿತ್ರದಲ್ಲಿ ಒಬ್ಬನೇ ಯಜಮಾನ ಎರಡು ಸಲ ನಿಂತಿದ್ದಾನೆ, ಎದುರುಬದುರಾಗಿ. ಎಡಗಡೆ ಅವನು ಹಕ್ಕಿ ಹೊಡೆಯುತ್ತಾನೆ. ಬಿಲ್ಲಿಲ್ಲ, ಬಾಣವಿಲ್ಲ. ಹಾವಿನಂತೆ ಬಾಗಿದ ಎಸೆಗೋಲು. ಇನ್ನೊಂದು ಕೈಯಲ್ಲಿ ಜೀವಂತ ಬಕಗಳನ್ನು ಕಾಲು ಹಿಡಿದು ಎತ್ತಿದ್ದಾನೆ. ನಮ್ಮವರು ಇಲ್ಲಿದ್ದಾರೆ, ಭಯವಿಲ್ಲ ಎಂದು ಉಳಿದ ಹಕ್ಕಿಗಳು ಮೋಸಹೋಗಲಿ ಎಂದು. ಜೊಂಡಿನ ಮೇಲೆ ಒಂದು ಬೆಕ್ಕು ತನ್ನ ಪಾಲನ್ನು ತಾನೇ ಹಿಡಿದುಕೊಳ್ಳುತ್ತಿದೆ. ಬಲಗಡೆ ಅದೇ ಯಜಮಾನ ಎರಡು ಮೊನೆಯ ಉದ್ದ ಈಟಿಯಿಂದ ಒಂದೇ ಏಟಿಗೆ ಎರಡು ಮೀನು ಚುಚ್ಚಿದ್ದಾನೆ. ಮೀನು ಕಾಣಬೇಕಲ್ಲ, ಅದಕ್ಕೆ ಚಿತ್ರಗಾರ ನೀರನ್ನೇ ದೋಣಿಯ ಮುಂದೆ ಗುಡ್ಡದ ಹಾಗೆ ಎತ್ತಿ ನಿಲ್ಲಿಸಿದ್ದಾನೆ. ದೋಣಿಯೋ ಜೊಂಡು ಕಟ್ಟಿ ಮಾಡಿದ ಸಣ್ಣ ತೆಪ್ಪ. ಅದರ ಮೇಲೆ ಹೆಂಡತಿ ಮದುವೆಮನೆಗೆ ಹೊರಟವಳಂತೆ ಒಡವೆ ಹೇರಿಕೊಂಡು ನಿಂತಿದ್ದಾಳೆ. ಯಜಮಾನನ ಎರಡು ಕಾಲುಗಳ ನಡುವೆ ಪುಟ್ಟ ಮಗಳು ಕೂತು, ಒಂದು ಕೈಯಲ್ಲಿ ತಾವರೆ, ಇನ್ನೊಂದರಲ್ಲಿ ಅಪ್ಪನ ಮೀನಖಂಡವನ್ನು ಬಿಗಿಯಾಗಿ ಹಿಡಿದಿದ್ದಾಳೆ.

"ಅಷ್ಟು ಚಿಕ್ಕ ದೋಣೀಲಿ ಯಾರಾದ್ರೂ ನಿಂತ್ಕೋತಾರಾ?" ಎಂದಳು ವಿಮಲ. "ಮಗೂನ ಯಾಕೆ ಕರ್ಕೊಂಡು ಹೋಗಿದಾನೆ?"

"ಸತ್ತ ಮೇಲೂ ಎಲ್ಲರೂ ಜೊತೆಯಾಗಿ ಇರಬೇಕು ಅಂತ," ಎಂದೆ. "ಗೋರಿಯೊಳಗೆ ಬರೆಸೋದು ಅದಕ್ಕೇ. ಅವನಿಗೆ ಬದುಕಿನಲ್ಲಿ ಸಂತೋಷ ಕೊಟ್ಟ ಒಂದು ದಿನ ಅಲ್ಲಿ ಮುಗಿಯೋದೇ ಇಲ್ಲ."



ಮುಂದಿನ ಚಿತ್ರದಲ್ಲಿ ಬಲೆಯ ಬೇಟೆ. ಕೊಳದ ಮೇಲೆ ಎರಡು ರೆಕ್ಕೆಯ ಬಲೆ ಹರಡಿದ್ದಾರೆ, ಬಾತುಗಳು ಇಳಿದಿವೆ, ದೂರದಲ್ಲಿ ಸಾಲಾಗಿ ಆಳುಗಳು ಹಗ್ಗ ಹಿಡಿದು ಕೂತಿದ್ದಾರೆ. ಬಾಯಿಬಿಟ್ಟರೆ ಹಕ್ಕಿ ಹಾರುತ್ತದೆ. ಅದಕ್ಕೆ ಒಬ್ಬ ಜೊಂಡಿನ ಮರೆಯಲ್ಲಿ ನಿಂತು ಬಟ್ಟೆಯ ತುಂಡೊಂದನ್ನು ಎರಡೂ ಕೈಯಲ್ಲಿ ಎಳೆದು ಹಿಡಿಯುತ್ತಾನೆ. ಅದೇ ಸನ್ನೆ. ಕೂಡಲೇ ಎಲ್ಲರೂ ಹಗ್ಗ ಎಳೆದು ಅಂಗಾತ ಬೀಳುತ್ತಾರೆ, ಬಲೆ ಮುಚ್ಚಿಕೊಳ್ಳುತ್ತದೆ. ಮೂರ್ತಿ ಅದರ ಮುಂದೆ ಬಹಳ ಹೊತ್ತು ನಿಂತು, "ಒಳ್ಳೇ ಲಿಂಕೇಜ್ ಅಕ್ಕ, ಒಂದೇ ಪುಲ್‌ಗೆ ಎರಡೂ ಸೈಡ್ ಮುಚ್ಕೊಳ್ಳುತ್ತೆ," ಎಂದ. ಇನ್ನೊಂದರಲ್ಲಿ ಮರುಭೂಮಿಯ ಜಿಂಕೆಗಳನ್ನು ನಾಯಿಗಳಿಂದ ಅಟ್ಟಿಸಿ ಬಲೆಯ ಬೇಲಿಯೊಳಗೆ ತುಂಬಿ, ಆಮೇಲೆ ಯಜಮಾನ ಬಂದು ಬಾಣ ಬಿಡುತ್ತಾನೆ. ಆನೆ ಹಿಡಿಯುವ ಖೆಡ್ಡಾದ ಕತೆ ಕೇಳಿ ಬೆಳೆದ ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಡೆಲ್ಲ ಅಲೆದು ಅಟ್ಟುವವರು ಯಾರೋ, ಅಟ್ಟಣೆಯ ಮೇಲೆ ಕೂತು ಭೇಷ್ ಎನ್ನಿಸಿಕೊಳ್ಳುವವರು ಯಾರೋ.

ಗಾಜಿನ ಪೆಟ್ಟಿಗೆಯಲ್ಲಿ ತಾಮ್ರದ ಗಾಳಗಳಿದ್ದವು. ಹಳೆಯವಕ್ಕೆ ತುದಿಯಲ್ಲಿ ಹಿಮ್ಮುಳ್ಳಿಲ್ಲ. ಮೂರ್ತಿಗೆ ಹಬ್ಬವಾಯಿತು. "ನೋಡಿ ಅಕ್ಕ, ಮುಳ್ಳಿಲ್ಲದ ಹುಕ್. ನಾನೂ ಇದನ್ನೇ ಯೂಸ್ ಮಾಡೋದು, ಮೀನಿಗೆ ನೋವಾಗಬಾರದು ಅಂತ." ನಾನು ಓದಿದ್ದನ್ನು ಹೇಳಿದೆ: ಅಲ್ಲಿನ ಅರ್ಚಕರು ಮೀನು ಮುಟ್ಟುತ್ತಿರಲಿಲ್ಲ, ಅದು ಮೈಲಿಗೆ. ಮೀನು ತಿಂದವರನ್ನು ಅರಮನೆಯೊಳಗೆ ಬಿಡದ ಕಾಲವೂ ಇತ್ತು. ಆತ ಇನ್ನೂ ಹಿಗ್ಗಿ, "ಹಾಗಾದ್ರೆ ಅವರೂ ಹಿಡಿದು ವಾಪಸ್ ಬಿಡ್ತಿದ್ರು," ಎಂದ.

"ಬಿಡ್ತಿರಲಿಲ್ಲ. ಈ ಬೊಂಬೆ ನೋಡು." ಪಕ್ಕದಲ್ಲೇ ಮರದ ಬೊಂಬೆ ದೋಣಿಯಿತ್ತು. ಅದರಲ್ಲಿ ಗೇಣುದ್ದದ ಆಳುಗಳು ಮೀನು ಸೀಳಿ ಬಿಸಿಲಿಗೆ ಹರವುತ್ತಿದ್ದರು. "ದೊಡ್ಡವರಿಗೆ ಆಟ, ಬಡವರಿಗೆ ಊಟ. ನಿನ್ನ ಹಾಗೆ ಇಂಗು ದಂಡ ಮಾಡಿದವರು ಯಾರೂ ಇಲ್ಲ."

ಅಲ್ಲಿ ಕಾವಲಿದ್ದ ಕಪ್ಪು ಬಣ್ಣದ ವಯಸ್ಸಾದ ಮನುಷ್ಯ ನಮ್ಮ ಕೈಸನ್ನೆಗಳನ್ನು ನೋಡಿ, ನೀವೂ ಮೀನು ಹಿಡಿಯುವವರೇ ಎಂದು ವಿಚಾರಿಸಿದ. ಆ ದೇಶದ ದಕ್ಷಿಣದ ದೊಡ್ಡ ಹೊಳೆಯೊಂದರ ದಂಡೆಯಲ್ಲಿ ಹುಟ್ಟಿದವನಂತೆ. ಅವನ ಗಾಳಕ್ಕೆ ಕೋಳಿಯ ಪಿತ್ತಜನಕಾಂಗವೇ ಆಗಬೇಕಂತೆ, ಎರಡು ದಿನ ಬಿಸಿಲಲ್ಲಿಟ್ಟದ್ದು. ಮೂರ್ತಿ ಮುಖ ಕಿವಿಚಿಕೊಂಡೇ ಕೇಳಿದ. ಆಮೇಲೆ ನಾನು ನೋಡುನೋಡುತ್ತಿದ್ದಂತೆ, ಆಫೀಸಿನಲ್ಲಿ ಯಾರಿಗೂ ಹೇಳದ ಇಂಗಿನ ಗುಟ್ಟನ್ನು ಆ ಮನುಷ್ಯನಿಗೆ ಪೂರ್ತಿ ಒಪ್ಪಿಸಿಬಿಟ್ಟ.

ಅಷ್ಟರಲ್ಲಿ ಅನು ನನ್ನ ಸೆರಗು ಜಗ್ಗಿದಳು. ಮೂಲೆಯ ಪೆಟ್ಟಿಗೆಯಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ದೊಡ್ಡ ಮೀನು. ಹಸಿರು ಕಲ್ಲಿನ ಮೈ, ಚಿನ್ನದ ರೆಕ್ಕೆ, ಬಾಯಲ್ಲಿ ಒಂದು ಕೊಂಡಿ. ಕೆಳಗಿನ ಬರಹವನ್ನು ಅವಳು ಬೆರಳಿಟ್ಟು ಓದಿದಳು: ಹೆಣ್ಣುಮಕ್ಕಳ ಜಡೆಯ ತುದಿಗೆ ಕಟ್ಟುತ್ತಿದ್ದ ತಾಯಿತ, ನೀರಿನಲ್ಲಿ ಮುಳುಗದಿರಲೆಂದು. ನಾನು ಗೋಡೆಯ ಚಿತ್ರಗಳಿಗೆ ಸಿದ್ಧಳಾಗಿ ಬಂದಿದ್ದೆ. ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

"ಡಿಡ್ ಇಟ್ ವರ್ಕ್?" ಎಂದಳು ಅನು.

ವಿಮಲ ನಮ್ಮ ಹಿಂದೆಯೇ ನಿಂತಿದ್ದಳು. ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವ ನಾನು ತಡವರಿಸಿದೆ. "ಗೊತ್ತಿಲ್ಲ ಮಗು. ಕೆಲವರಿಗೆ ಆಗಿರಬಹುದು."

ಆಗದವರೂ ಇದ್ದರು, ಇಲ್ಲದಿದ್ದರೆ ಇಂಥದ್ದೊಂದು ಬೇಕೇ ಆಗುತ್ತಿರಲಿಲ್ಲ. ನೈಲ್ ನದಿಯ ವರ್ಣನೆಯನ್ನು ನಾನು ಎಷ್ಟೋ ತರಗತಿಗಳಿಗೆ ಹೇಳಿದ್ದೇನೆ. ಪ್ರವಾಹ, ಮೆಕ್ಕಲು, ಫಸಲು. ಅದರಲ್ಲಿ ಮಕ್ಕಳು ಮುಳುಗುತ್ತಿದ್ದರು ಎಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ, ಹೊಳೆಗೆ ತಮ್ಮನನ್ನು ಕೊಟ್ಟ ನನಗೆ. ಆ ತಾಯಂದಿರೂ ನಮ್ಮಮ್ಮನ ಹಾಗೆ ಮೆಟ್ಟಿಲ ಮೇಲೆ ಕೂತು ಕೂಗಿ ಕರೆದವರೇ. ಆದರೂ ಅವರು ಮಗಳ ಜಡೆಗೆ ಮೀನು ಕಟ್ಟಿ, ಅಪ್ಪನ ಕಾಲು ಗಟ್ಟಿಯಾಗಿ ಹಿಡಿದುಕೋ ಎಂದು ಹೇಳಿ, ದೋಣಿಗೆ ಹತ್ತಿಸಿದರು. ತಾವೂ ಹತ್ತಿದರು. ನಾನು ಕನ್ನಡಕ ಒರೆಸುವ ನೆಪದಲ್ಲಿ ಪಕ್ಕಕ್ಕೆ ಸರಿದೆ.

ಹಿಂದಿರುಗುವ ದಾರಿಯಲ್ಲಿ ಸರೋವರ ಬಂದಾಗ ನಾನು ವಿಮಲಳ ಕಡೆ ನೋಡಿದೆ. ಅವಳು ಈ ಸಲ ನೀರನ್ನು ನೋಡುತ್ತಿದ್ದಳು.

ಮತ್ತೆ ಟ್ರಾಯ್

ನಾನು ಹೊರಡುವ ಮೊದಲಿನ ಭಾನುವಾರ ಬಂತು. ಬೆಳಿಗ್ಗೆ ಅನು ತಿಂಡಿಗೆ ಬಂದಾಗ ಅವಳ ಬಲಜಡೆಯ ತುದಿಯಲ್ಲಿ ಏನೋ ಹೊಳೆಯುತ್ತಿತ್ತು. ಅಪ್ಪನ ಗಾಳದ ಪೆಟ್ಟಿಗೆಯಲ್ಲಿ ಬಳಸದೆ ಬಿದ್ದಿದ್ದ ತಗಡಿನ ಮೀನು, ದೊಡ್ಡ ಮೀನುಗಳನ್ನು ಮರುಳುಮಾಡಲು ಅಂಗಡಿಯಲ್ಲಿ ಮಾರುವಂಥದ್ದು. ಅದರ ಕೊಕ್ಕೆಗಳನ್ನು ಇಕ್ಕಳದಿಂದ ಕಿತ್ತು, ರಿಬ್ಬನ್ನಿನಲ್ಲಿ ಕಟ್ಟಿಕೊಂಡಿದ್ದಾಳೆ. ಏನೂ ಕೇಳಲಿಲ್ಲ. ಕೂತು ಉಪ್ಪಿಟ್ಟು ತಿನ್ನತೊಡಗಿದಳು.

ಮೂರ್ತಿ ಕಾಫಿ ಲೋಟ ಕೆಳಗಿಟ್ಟ. ವಿಮಲ ನನ್ನ ಮುಖ ನೋಡಿದಳು. "ಅಕ್ಕ, ನೀನು ಬೇಡ ಅಂದ್ರೆ ಬೇಡ. ಅವಳಿಗೆ ನಾನು ಹೇಳ್ಕೋತೀನಿ."

ಬೇಡ ಎನ್ನುವುದು ಸುಲಭವಿತ್ತು. ಅಮ್ಮನ ಧ್ವನಿಯಲ್ಲೇ ಅದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೂಂ ಎನ್ನಲು ಧೈರ್ಯವಿರಲಿಲ್ಲ. ಏನಾದರೂ ಆದರೆ ತಂಗಿಗೆ ಯಾವ ಮುಖ ತೋರಿಸಲಿ?

"ಅವಳೊಬ್ಬಳನ್ನೇ ಕಳಿಸೋಕೆ ನಾನು ಒಪ್ಪಲ್ಲ," ಎಂದೆ. ಅನುವಿನ ಚಮಚ ನಿಂತಿತು. "ಎಲ್ಲರೂ ಹೋಗೋಣ. ನಾನೂ ಬರ್ತೀನಿ, ನೀನೂ ಬಾ."

"ನೀನು? ದೋಣೀಲಿ?"

"ಯಾಕೆ, ನಾನು ಹತ್ತಿದ್ರೆ ಮುಳುಗುತ್ತಾ?"

ವಿಮಲ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಅನುವಿನ ಹಿಂದೆ ಹೋಗಿ, ಸಡಿಲವಾಗಿದ್ದ ರಿಬ್ಬನ್ ಬಿಚ್ಚಿ, ಜಡೆಯನ್ನು ಮತ್ತೆ ಬಿಗಿಯಾಗಿ ಹೆಣೆದು, ಆ ತಗಡಿನ ಮೀನನ್ನು ಎರಡು ಗಂಟು ಹಾಕಿ ಕಟ್ಟಿದಳು. ನಾನು ಕೋಣೆಗೆ ಹೋಗಿ ಇಂಗಿನ ಡಬ್ಬಿ ತಂದು ಮೂರ್ತಿಯ ಮುಂದಿಟ್ಟೆ.

ಕೆರೆಯ ದಂಡೆ

ಕೆರೆ ಮನೆಯಿಂದ ಹೆಚ್ಚು ದೂರವಿರಲಿಲ್ಲ. ದೋಣಿ ಮೂರ್ತಿಯ ಗೆಳೆಯ ಡಾಕ್ಟರ್ ಪಾಟೀಲರದು. ಬಾಗಲಕೋಟೆ ಕಡೆಯವರು, ಗಟ್ಟಿ ಗಂಟಲು. ನನ್ನನ್ನೂ ನನ್ನ ಸೀರೆಯನ್ನೂ ಒಮ್ಮೆ ನೋಡಿ, ಕಿತ್ತಳೆ ಬಣ್ಣದ ತೇಲುವ ಅಂಗಿಯೊಂದನ್ನು ಮುಂದೆ ಹಿಡಿದರು.

"ಇದನ್ನ ಹಾಕ್ಕೊಳ್ರಿ ಅಕ್ಕಾರ. ಸೀರಿ ಮ್ಯಾಲೆ ಹಾಕ್ಕೊಂಡ್ರೂ ನಡಿತೈತಿ. ಹೆದರಬ್ಯಾಡ್ರಿ, ದಂಡಿ ಹತ್ರ ನೀರು ಎದಿಮಟ್ಟ ಅಷ್ಟ ಐತಿ."

"ನಾನೇನು ಹೆದರಿಲ್ಲ," ಎಂದೆ. ಅವರು ಅಂಗಿಯ ಪಟ್ಟಿ ಬಿಗಿಯುವಾಗ ನಾನು ಉಸಿರು ಹಿಡಿದದ್ದು ಅವರಿಗೆ ತಿಳಿದಿರಬೇಕು. "ಆತ್ ಬಿಡ್ರಿ, ಹಂಗ ಇರ್ರಿ," ಎಂದು ನಕ್ಕರು.

ಮೂರ್ತಿ ಮುಂದೆ, ಅವನ ಹಿಂದೆ ಅನು, ಆಮೇಲೆ ವಿಮಲ, ಕೊನೆಯಲ್ಲಿ ನಾನು. ಪಾಟೀಲರು ಮೊಣಕಾಲು ನೀರಿನಲ್ಲಿ ನಿಂತು ದೋಣಿಯನ್ನು ತಳ್ಳಿದರು. ಕಾಲ ಕೆಳಗೆ ನೆಲ ಜಾರಿದ ಹಾಗಾಯಿತು. ನಾನು ಎರಡೂ ಕಡೆಯ ಅಂಚು ಹಿಡಿದು, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಸ್ವಲ್ಪ ಹೊತ್ತಿನಲ್ಲಿ ಅಲ್ಲಾಟ ನಿಂತಿತು. ಕೆರೆಯಂಚಿನಲ್ಲಿ ಜೊಂಡು ಬೆಳೆದಿತ್ತು, ಬಾತುಗಳು ಅದರೊಳಗೆ ನುಗ್ಗಿ ಹೊರಬರುತ್ತಿದ್ದವು. ಹಗಲು ತಣ್ಣಗಿತ್ತು. ಚೆನ್ನಾಗಿಯೇ ಇದೆಯಲ್ಲ ಎಂದುಕೊಂಡೆ.

ಆಗ ಮೂರ್ತಿ, ಕೂತು ಎಸೆದರೆ ದೂರ ಹೋಗುವುದಿಲ್ಲವೆಂದೋ ಅಥವಾ ಆ ಗೋಡೆಯ ಯಜಮಾನ ತಲೆಗೆ ಹೊಕ್ಕಿದ್ದನೋ, ಗಾಳದ ಕೋಲು ಹಿಡಿದು ಎದ್ದು ನಿಂತ. ದೋಣಿ ಒಂದು ಬದಿಗೆ ವಾಲಿತು. ಅನು ಅಂಚಿನ ಕಡೆಗೆ ಜರುಗಿದಳು. ವಿಮಲ ಮುಂದಕ್ಕೆ ಬಿದ್ದು ಒಂದು ಕೈಯಲ್ಲಿ ಗಂಡನ ಮೀನಖಂಡ, ಇನ್ನೊಂದರಲ್ಲಿ ಮಗಳ ಜಡೆ ಹಿಡಿದಳು.

"ಶೀನೂ, ಕೂತ್ಕೊ. ಗಟ್ಟಿಯಾಗಿ ಹಿಡ್ಕೊ ಶೀನೂ."

ಮೂರ್ತಿ ಧೊಪ್ಪನೆ ಕೂತ. ದೋಣಿ ಎರಡು ಸಲ ತೂಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಗಾಳದ ಬೆಂಡು ಎಲ್ಲೋ ನೀರಿನ ಮೇಲೆ ಬಿದ್ದು ತೇಲುತ್ತಿತ್ತು. ಆ ಹೆಸರನ್ನು ನಾನು ಮೂವತ್ತು ವರ್ಷಗಳ ನಂತರ ಮೊದಲ ಸಲ ಕೇಳಿದೆ.

"ಹೂ ಈಸ್ ಶೀನು?" ಎಂದಳು ಅನು.

ವಿಮಲ ಹಿಂದೆ ತಿರುಗಿ ನನ್ನನ್ನು ನೋಡಿದಳು. ಹೇಳಲೇ ಎಂದು ಕೇಳುವ ನೋಟ. ಅಮ್ಮನಿದ್ದಿದ್ದರೆ ಏನೆನ್ನುತ್ತಿದ್ದರೆಂದು ನನಗೆ ಗೊತ್ತಿತ್ತು. ನಾನು ಹೂಂ ಎಂದು ತಲೆಯಾಡಿಸಿದೆ.

"ನಿಂಗೊಬ್ಬ ಮಾವ ಇದ್ದ," ಎಂದಳು ವಿಮಲ. ಮಗಳ ಜಡೆಯನ್ನು ಇನ್ನೂ ಬಿಟ್ಟಿರಲಿಲ್ಲ. "ನಮ್ಮಿಬ್ಬರ ಮಧ್ಯದವನು. ತುಂಬಾ ಚೆನ್ನಾಗಿ ಈಜ್ತಿದ್ದ. ನನ್ನ ಮೆಟ್ಲ ಮೇಲೆ ಕೂರಿಸಿ, ನೀರೊಳಗೆ ಹೋಗಿ ಕಾಣಿಸ್ದೇ ಇರೋನು. ಆಮೇಲೆ ಇದ್ದಕ್ಕಿದ್ದ ಹಾಗೆ ನನ್ನ ಕಾಲ ಹತ್ರಾನೇ ಎದ್ದು, ಬಾಯಿ ತುಂಬಾ ನೀರು ತಂದು ನನ್ನ ಮೇಲೆ ಉಗಿಯೋನು. ನಾನು ಅಳೋದು, ಅವನು ನಗೋದು. ಅಳು ನಿಲ್ಲಿಸೋಕೆ ಒದ್ದೆ ಕೈಯಲ್ಲೇ ಕಡಲೆಕಾಯಿ ಬಿಡಿಸಿ ಕೊಡೋನು."

ಅನು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ವಿಮಲಳೂ ನಕ್ಕಳು, ಕಣ್ಣೀರು ಸುರಿಯುತ್ತಲೇ ಇತ್ತು. ನನಗೆ ಇದೊಂದೂ ಗೊತ್ತಿರಲಿಲ್ಲ. ಶೀನು ಸತ್ತದ್ದನ್ನೇ ಅಷ್ಟು ಭದ್ರವಾಗಿ ಬಚ್ಚಿಟ್ಟುಕೊಂಡು, ಅವನು ನಗುತ್ತಿದ್ದನೆಂಬುದನ್ನೂ ನಾವು ಅದರ ಜೊತೆಗೇ ಮುಚ್ಚಿಟ್ಟಿದ್ದೆವು. ನಾನು ಅಂಚು ಬಿಟ್ಟು ಕೈಯನ್ನು ನೀರಿಗಿಳಿಸಿದೆ. ತಣ್ಣಗಿತ್ತು.

ಮೂರ್ತಿಯ ಬೆಂಡು ಮುಳುಗಿ, ಎದ್ದು, ಮತ್ತೆ ಮುಳುಗಿತು. ಆತ ಅದನ್ನು ನೋಡುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ದಾರ ಸುತ್ತಿದರೆ ಗಾಳ ಬರಿದಾಗಿತ್ತು. ಮೈಸೂರಿನ ಇಂಗನ್ನು ಯಾವುದೋ ಮೀನು ಪೂರ್ತಿ ತಿಂದು, ಎಲೆ ಬಿಟ್ಟೆದ್ದು ಹೋಗಿತ್ತು.

ವಿಮಲ ಸೆರಗಿನಿಂದ ಮುಖ ಒರೆಸಿಕೊಂಡಳು. ಅನು ಅವಳ ಮಂಡಿಗೆ ಒರಗಿ, ತನ್ನ ಜಡೆಯ ಮೀನನ್ನು ಬೆರಳಲ್ಲಿ ತಿರುಗಿಸುತ್ತ, ಅವಳ ಮುಖವನ್ನೇ ನೋಡುತ್ತಿದ್ದಳು.

"ಆಮೇಲೆ?" ಎಂದಳು, ಕನ್ನಡದಲ್ಲಿ.